ಚಿಲ್ಲರೆ ಸಿಟ್ಟು

ನಮ್ಮ ಕಡೆ ಬೇಸಿಗೆ ಎರಡು ಸಲ ಮುಗಿಯುತ್ತದೆ. ಒಂದು ಸಲ ಸರ್ಕಾರದ ಲೆಕ್ಕದಲ್ಲಿ, ಇನ್ನೊಂದು ಸಲ ಆಕಾಶದ ಲೆಕ್ಕದಲ್ಲಿ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ನಮ್ಮ ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲೂ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುವ ರೂಢಿ ಇದೆ. ಮೇ 31ಕ್ಕೆ ಆ ಆದೇಶದ ಅವಧಿ ತೀರುತ್ತದೆ. ಜೂನ್ 1ರಿಂದ ಮತ್ತೆ ಹತ್ತು ಗಂಟೆಯ ಕಚೇರಿ. ಕಾಗದದ ಮೇಲೆ ಬೇಸಿಗೆ ಮುಗಿಯಿತು. ಆದರೆ ಆಕಾಶಕ್ಕೆ ಆ ಆದೇಶದ ಪ್ರತಿ ತಲುಪಿರುವುದಿಲ್ಲ. ರೋಹಿಣಿ ಮಳೆಯ ದಿನಗಳೇ ನಡೆದಿದ್ದರೂ ಹನಿ ಬೀಳದೆ ಝಳ ಮಾತ್ರ ಇಳಿಯುತ್ತಿರುತ್ತದೆ. ಮಿರಗ ಹುಟ್ಟಿ, ಮೋಡ ಕಟ್ಟಿ, ಮೊದಲ ಮಣ್ಣಿನ ವಾಸನೆ ಬಂದ ಮೇಲೆಯೇ ನಮ್ಮ ಮನಸ್ಸು ಬೇಸಿಗೆ ಮುಗಿಯಿತೆಂದು ಒಪ್ಪುವುದು.

ಈ ಎರಡು ಮುಕ್ತಾಯಗಳ ನಡುವಿನ ಎಂಟು ಹತ್ತು ದಿನಗಳಿವೆಯಲ್ಲ, ಅವು ಮನುಷ್ಯರಿಗೆ ಬಹಳ ಕೆಟ್ಟ ದಿನಗಳು. ಇಷ್ಟು ದಿನ ತಡೆದೆವು, ಇನ್ನು ನಾಲ್ಕು ದಿನ ಎನ್ನುವಾಗಲೇ ತಾಳ್ಮೆಯ ಕೊನೆಯ ಎಳೆ ಹರಿಯುತ್ತದೆ.

ನನ್ನ ತಂಗಿ ಪಕ್ಕದ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಓಣಿಯಲ್ಲೇ ನಾಲ್ಕು ಮನೆ ಆಚೆ ಇರುತ್ತಾಳೆ. ಜನ ಅರ್ಜಿ ಹಿಡಿದು ನಿಲ್ಲುವ ಕಿಟಕಿಯ ಒಳಗೆ ಅವಳ ಮೇಜು. ಬೇಸಿಗೆಯ ವೇಳೆ ಇದ್ದಾಗ ಅವಳು ನಸುಕಿನಲ್ಲಿ ನಾಲ್ಕೂವರೆಗೆ ಎದ್ದು, ರೊಟ್ಟಿ ಬಡಿದು, ಆರೂವರೆಯ ಬಸ್ಸು ಹಿಡಿಯುತ್ತಿದ್ದಳು. ಮಧ್ಯಾಹ್ನ ಮೂರರ ಹೊತ್ತಿಗೆ ಮನೆಗೆ ಬಂದು, ನೆಲಕ್ಕೆ ನೀರು ಚಿಮುಕಿಸಿ, ಬರೀ ನೆಲದ ಮೇಲೆ ಒಂದು ಗಳಿಗೆ ಬೆನ್ನು ಚಾಚುತ್ತಿದ್ದಳು. ಜೂನ್ ಬಂತೆಂದರೆ ಆ ಒಂದು ಗಳಿಗೆಯೂ ಹೋಯಿತು.

ಅವಳ ತೊಂದರೆಗಳನ್ನು ಒಂದೊಂದಾಗಿ ಹೇಳಿದರೆ ನಿಮಗೆ ನಗು ಬರಬಹುದು. ಅವಳ ಮೇಜು ಪಡುವಣ ಕಿಟಕಿಯ ಪಕ್ಕದಲ್ಲಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಆ ಕಿಟಕಿಗೆ ತಿರುಗುವ ಮೊದಲೇ ಕಚೇರಿ ಮುಚ್ಚುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ. ಜೂನ್ ಮೊದಲ ದಿನ ಎರಡು ಗಂಟೆಗೆ ಸೂರ್ಯ ನೇರವಾಗಿ ಬಂದು ಅವಳ ಕಾಗದಗಳ ಮೇಲೆ ಕೂಡುತ್ತಾನೆ. ಪರದೆ ಬೇಕೆಂದು ಕೇಳಿದರೆ, ಇನ್ನು ನಾಲ್ಕು ದಿನಕ್ಕೆ ಮಳೆ ಬರುತ್ತದೆ ಎಂಬ ಉತ್ತರ ಬರುತ್ತದೆ. ಡಬ್ಬಿಯ ಮೊಸರನ್ನ ಊಟದ ಹೊತ್ತಿಗೆ ಹುಳಿಯಾಗಿರುತ್ತದೆ. ದಾರ ಕಟ್ಟಿ ಇಟ್ಟ ಪೆನ್ನನ್ನು ಯಾರೋ ದಾರ ಬಿಟ್ಟು ಒಯ್ದಿರುತ್ತಾರೆ. ಪ್ರಿಂಟರ್‌ನಲ್ಲಿ ಅರ್ಧ ಹಾಳೆ ಕಪ್ಪು, ಅರ್ಧ ಬಿಳಿ. ಹೊರಗೆ ನೂರು ಮಂದಿ ನಿಂತಾಗಲೇ ಸರ್ವರ್ ನಿಲ್ಲುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಆರಂಭವಾದ ಮೇಲೆ ಅವಳಿಗೆ ಬಸ್ಸಿನ ಖರ್ಚು ಉಳಿದಿದೆ. ಸೀಟು ಸಿಗುವುದು ಮಾತ್ರ ಅದೃಷ್ಟ.

"ಒಂದೊಂದ ಹೇಳಿದ್ರ ನಗು ಬರ್ತೈತಿ ಅಕ್ಕಾ, ಎಲ್ಲಾ ಕೂಡಿದ್ರ ಅಳು ಬರ್ತೈತಿ" ಎನ್ನುತ್ತಾಳೆ ತಂಗಿ.

ಅವಳು ಹೇಳುವುದು ನಿಜ. ದೊಡ್ಡ ದುಃಖ ಬಂದಾಗ ನೆರೆಹೊರೆಯವರು ಬಂದು ಕೈ ಹಿಡಿಯುತ್ತಾರೆ. ಮೊಸರನ್ನ ಹುಳಿಯಾಯಿತು ಎಂದು ಅತ್ತರೆ ಯಾರು ಬರುತ್ತಾರೆ? ಹೀಗೆ ಯಾರಿಗೂ ಹೇಳಿಕೊಳ್ಳಲಾಗದ ಕಿರಿಕಿರಿಗಳು ದಿನವಿಡೀ ಒಳಗೆ ಕೂಡುತ್ತಾ ಹೋಗಿ, ಎಲ್ಲೋ ಒಂದು ಕಡೆ ಸಿಡುಕಾಗಿ ಹೊರಬೀಳುತ್ತವೆ. ಎಲ್ಲಿ ಬೀಳುತ್ತವೆ, ಯಾರ ಮೇಲೆ ಬೀಳುತ್ತವೆ ಎಂಬುದೇ ನಾನು ಇಲ್ಲಿ ಹೇಳಹೊರಟಿರುವ ವಿಷಯ.

ಇದು ನಡೆದದ್ದು 2024ರಲ್ಲಿ. ಅದಕ್ಕೆ ಹಿಂದಿನ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸಾರಲಾಗಿತ್ತು. ಮೇ 7ರಂದು ನಮ್ಮ ಕಡೆ ಲೋಕಸಭೆಯ ಮತದಾನ. ನಾನೂ ತಂಗಿಯೂ ಬೇರೆ ಬೇರೆ ಮತಗಟ್ಟೆಗಳಲ್ಲಿ ಚುನಾವಣಾ ಕರ್ತವ್ಯ ಮಾಡಿ ಬಂದು, ಎರಡು ದಿನ ಮೈಮುರಿದು ಮಲಗಿದ್ದೆವು. ಮೇ 29ಕ್ಕೆ ಶಾಲೆಗಳು ತೆರೆದವು. ಶಾಲೆ ತೆರೆಯಿತೆಂದರೆ ಜಾತಿ, ಆದಾಯ ಪ್ರಮಾಣಪತ್ರಗಳ ಸುಗ್ಗಿ. ವಿದ್ಯಾರ್ಥಿವೇತನದ ಅರ್ಜಿಗೆ ಆ ಪತ್ರಗಳ ಮೇಲಿನ ಆರ್.ಡಿ. ಸಂಖ್ಯೆ ಬೇಕು. ಹೀಗಾಗಿ ನಮ್ಮ ಶಾಲೆಯ ಮುಂದಿನ ಸಾಲು ಮರುದಿನ ತಂಗಿಯ ಕಿಟಕಿಯ ಮುಂದಿನ ಸಾಲಾಗುತ್ತದೆ. ಇಷ್ಟು ವರ್ಷಗಳಲ್ಲಿ ನಾವಿಬ್ಬರೂ ಇದನ್ನು ಯೋಚಿಸಿಯೇ ಇರಲಿಲ್ಲ.

ಜೂನ್ 9ರ ಭಾನುವಾರ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತು ಮಾವಿನಕಾಯಿ ಹೆಚ್ಚುತ್ತಿದ್ದೆವು. ಪಶ್ಚಿಮಕ್ಕೆ ಮೋಡ ಕಟ್ಟಿತ್ತು. ತಂಗಿ ತನ್ನ ವಾರದ ಪುರಾಣ ಬಿಚ್ಚಿದಳು. ಮೇಲಧಿಕಾರಿ ಎಲ್ಲರೆದುರು ಬಾಕಿ ಅರ್ಜಿಗಳ ಲೆಕ್ಕ ಕೇಳಿ ಗದರಿದ್ದು, ಹೊಸ ಹುಡುಗನೊಬ್ಬ ವರ್ಗವಾಗಿ ಹೋಗಿ ಅವನ ಕೆಲಸವೂ ಇವಳ ತಲೆಗೆ ಬಂದದ್ದು, ಎಲ್ಲವನ್ನೂ ಹೇಳಿ, ಕೊನೆಗೆ ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು.

"ಒಬ್ಬಾಕಿ ಬಂದಿದ್ಳು ಅಕ್ಕಾ, ಮಗಳ್ನ ಕರಕೊಂಡು. ಬುಧವಾರ ಬಂದ್ಳು, ಸರ್ವರ್ ಇದ್ದಿಲ್ಲ, ನಾಳಿ ಬರ್ರಿ ಅಂದೆ. ಗುರುವಾರ ಬಂದ್ಳು. ಆಧಾರದಾಗ ಒಂದ ಹೆಸರು, ರೇಷನ್ ಕಾರ್ಡಿನ್ಯಾಗ ಒಂದ ಹೆಸರು. ನನಗ ಅದ ಹೊತ್ತಿಗೆ ಸಾಹೇಬ್ರ ಮಾತು ತಲಿಯಾಗ ಕೂತಿತ್ತು. ಕಾಗದ ತಿರುಗಿ ಒಗದ್ಯಾ. ಓದಾಕ ಬರೂದಿಲ್ಲೇನ್ರಿ ನಿಮಗ ಅಂದೆ. ಆಕಿ ಏನೂ ಅನ್ಲಿಲ್ಲ. ಬರೂದಿಲ್ರಿ ಅಂತ ಅಂದು, ಕಾಗದ ಆರಿಸ್ಕೊಂಡು, ಹಳೇ ಕ್ಯಾಲೆಂಡರ್ ಹಾಳ್ಯಾಗ ಸುತ್ತಿಕೊಂಡು ಹೋದ್ಳು. ಬೈದಿದ್ರರ ಚಲೋ ಆಗ್ತಿತ್ತು."

ನನ್ನ ಕೈಯ ಈಳಿಗೆ ನಿಂತಿತು. ಲಕ್ಷ್ಮಿಯ ಚಿತ್ರವಿದ್ದ ಆ ಹಳೆಯ ಕ್ಯಾಲೆಂಡರ್ ಹಾಳೆಯನ್ನು ನಾನು ಅದೇ ವಾರದ ಸೋಮವಾರ ನೋಡಿದ್ದೆ. ನನ್ನ ಮೇಜಿನ ಮೇಲೇ ಅದನ್ನು ಬಿಡಿಸಿದ್ದರು. ಎಂಟನೆಯ ಇಯತ್ತೆಗೆ ಸೇರಲು ಬಂದ ಹುಡುಗಿ, ಜೊತೆಗೆ ತಾಯಿ. ಏಳನೆಯದರ ಟಿ.ಸಿ. ಇತ್ತು, ಅಂಕಪಟ್ಟಿ ಇತ್ತು. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿತ್ತು. ಕರೆಂಟ್ ಹೋಗಿತ್ತು. ನನ್ನ ಸೀರೆ ಬೆನ್ನಿಗೆ ಅಂಟಿತ್ತು. ಅಂದು ಆ ತಪ್ಪಿನ ಕಾಗದ ತಂದವರಲ್ಲಿ ಅವರು ಹತ್ತನೆಯವರೋ ಹನ್ನೊಂದನೆಯವರೋ. "ಎಷ್ಟ ಸಲ ಹೇಳಬೇಕ್ರಿ ನಿಮಗ? ಹೊಸಾದು ಮಾಡಿಸ್ಕೊಂಡ ಬಂದ ಮ್ಯಾಲೆ ಹೆಸರ ಹಚ್ಚತೀನಿ, ಹೋಗ್ರಿ" ಎಂದು ಕಳಿಸಿದ್ದೆ. ಅವರಿಗೆ ಅದಕ್ಕೂ ಮೊದಲು ನಾನು ಒಂದು ಸಲವೂ ಹೇಳಿರಲಿಲ್ಲ. ಹಿಂದಿನ ಹತ್ತು ಮಂದಿಗೆ ಹೇಳಿದ ಲೆಕ್ಕವನ್ನು ಅವರ ಮೇಲೆ ಬರೆದಿದ್ದೆ.

ಇದರಲ್ಲಿ ಇನ್ನೂ ದೊಡ್ಡ ತಪ್ಪು ಬೇರೆ ಇದೆ. ಹೆಸರು ಹಚ್ಚಿಕೊಳ್ಳಲು ಆದಾಯ ಪ್ರಮಾಣಪತ್ರ ಬೇಕಾಗಿಯೇ ಇರಲಿಲ್ಲ. ಅದು ವಿದ್ಯಾರ್ಥಿವೇತನಕ್ಕೆ ಬೇಕಾದದ್ದು, ಆಮೇಲೆ ತಂದುಕೊಟ್ಟರೂ ನಡೆಯುತ್ತದೆ. ಎಂಟನೆಯ ಇಯತ್ತೆಯವರೆಗಿನ ಮಗುವಿಗೆ ಟಿ.ಸಿ. ತಡವಾಯಿತೆಂಬ ಕಾರಣಕ್ಕೂ ದಾಖಲಾತಿ ನಿಲ್ಲಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯಿದೆ ಹೇಳುತ್ತದೆ. ಅದು ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಿಂದ. ತರಬೇತಿಯಲ್ಲಿ ಕುಳಿತು ಟಿಪ್ಪಣಿ ಬರೆದುಕೊಂಡು ಬಂದವಳು ನಾನು. ನನಗೆ ನಿಯಮ ಗೊತ್ತಿತ್ತು. ಆ ಗಳಿಗೆಯಲ್ಲಿ ಇನ್ನೊಂದು ಅರ್ಜಿ ತುಂಬುವ ತ್ರಾಣ ಇರಲಿಲ್ಲ, ಅಷ್ಟೆ. ಇಲ್ಲದ ನಿಯಮವೊಂದನ್ನು ಹೇಳಿ ಅವರನ್ನು ಸಾಗಹಾಕಿದೆ.

ಅಂದು ರಾತ್ರಿ ನಿದ್ದೆ ಹತ್ತಲಿಲ್ಲ. ಕ್ರೋಧದ ಬಗ್ಗೆ ನಮ್ಮಲ್ಲಿ ಶಾಸ್ತ್ರ ಬೇಕಾದಷ್ಟಿದೆ. ಆರು ವೈರಿಗಳಲ್ಲಿ ಅದಕ್ಕೆ ಎರಡನೆಯ ಸ್ಥಾನ. ಗೀತೆಯ ಎರಡನೆಯ ಅಧ್ಯಾಯದಲ್ಲಿ ಕಾಮದಿಂದ ಕ್ರೋಧ ಹುಟ್ಟಿ ಬುದ್ಧಿಯನ್ನು ಹೇಗೆ ಕೆಡಿಸುತ್ತದೆ ಎಂಬ ಮೆಟ್ಟಿಲುಗಳಿವೆ. ಆದರೆ ಅದೆಲ್ಲ ರಣರಂಗದಲ್ಲಿ ನಿಂತವನಿಗೆ ಹೇಳಿದ್ದು. ಅದನ್ನು ಓದುವಾಗ ನಮಗೆ ದೂರ್ವಾಸರು ನೆನಪಾಗುತ್ತಾರೆ, ನಾವು ನೆನಪಾಗುವುದಿಲ್ಲ. ನಮ್ಮದು ನೂರರ ನೋಟಿನಂತಹ ಸಿಟ್ಟಲ್ಲ, ಎಂಟಾಣೆ ನಾಲ್ಕಾಣೆಯ ಚಿಲ್ಲರೆ ಸಿಟ್ಟು. ಅದನ್ನು ಪಾಪ ಎಂದು ನಾವು ಎಣಿಸುವುದೇ ಇಲ್ಲ. ಆಯಾಸ ಎಂದು ಕರೆದು ಸುಮ್ಮನಾಗುತ್ತೇವೆ. ನಮ್ಮ ಊರಿನ ಬದುಕಿನಲ್ಲಿ ಬಡವರಿಗೆ ದಿನವೂ ಸಿಗುವುದು ಮಾತ್ರ ಈ ಚಿಲ್ಲರೆಯೇ.

ಆಯಾಸ ಎನ್ನುವುದು ಸುಳ್ಳು ಕಾರಣವಲ್ಲ. ನಾನೂ ದಣಿದಿದ್ದೆ, ತಂಗಿಯೂ ದಣಿದಿದ್ದಳು. ಬಿಸಿಲು ನಲವತ್ತು ಡಿಗ್ರಿ ದಾಟಿದ ದಿನಗಳನ್ನು ಕಳೆದು ಬಂದವರು ನಾವು. ಆದರೆ ಮಲಗಿ ಯೋಚಿಸುವಾಗ ಇನ್ನೊಂದು ಸಂಗತಿ ನೆನಪಾಯಿತು. ಆ ತಾಯಿ ಮಗಳನ್ನು ಕಳಿಸಿದ ಹತ್ತು ನಿಮಿಷಕ್ಕೆ ಮೇಲಿನ ಕಚೇರಿಯಿಂದ ಫೋನ್ ಬಂದಿತ್ತು. ದಾಖಲಾತಿಯ ಅಂಕಿ ಸಂಖ್ಯೆ ಕೇಳಿದರು. ಅದೇ ಅಂಕಿಯನ್ನು ಅವರು ಕೇಳಿದ್ದು ಮೂರನೆಯ ಸಲ. ನಾನು ಏನೆಂದೆ? "ಹೌದ್ರಿ ಸರ್, ಈಗ ಕಳಸ್ತೀನ್ರಿ ಸರ್, ಏನೂ ತೊಂದ್ರಿ ಇಲ್ರಿ ಸರ್" ಎಂದೆ. ದನಿಯಲ್ಲಿ ಜೇನು ಸುರಿಯುತ್ತಿತ್ತು. ಅದೇ ಬಿಸಿಲು, ಅದೇ ನಿಂತ ಫ್ಯಾನು, ಬೆನ್ನಿಗಂಟಿದ ಅದೇ ಸೀರೆ. ಹತ್ತು ನಿಮಿಷದಲ್ಲಿ ನನ್ನ ಆಯಾಸ ಎಲ್ಲಿ ಹೋಗಿತ್ತು?

ಬಿಸಿಲೇ ಸಿಡುಕಿಗೆ ಕಾರಣವಾಗಿದ್ದರೆ ಅದು ಎಲ್ಲರ ಮೇಲೂ ಒಂದೇ ಸಮನಾಗಿ ಸಿಡಿಯಬೇಕಿತ್ತು. ಹಾಗಾಗುವುದಿಲ್ಲ. ಎದುರಿಗಿರುವವರು ನಮಗೆ ಏನು ಮಾಡಬಲ್ಲರು ಎಂದು ನೋಡಿಕೊಂಡೇ ನಮ್ಮ ಸಿಡುಕು ಹೊರಗೆ ಬರುತ್ತದೆ. ತಂಗಿ ಸಾಹೇಬರ ಮುಂದೆ ಸಿಡುಕಲಿಲ್ಲ, ನಾನು ಫೋನಿನಲ್ಲಿ ಸಿಡುಕಲಿಲ್ಲ. ತಿರುಗಿ ಮಾತಾಡದವರನ್ನು ನಾವಿಬ್ಬರೂ ಹುಡುಕಿಕೊಂಡೆವು. ನೀವೂ ನಿಮ್ಮ ಮನೆಯಲ್ಲಿ ಗಮನಿಸಿ ನೋಡಿ. ಅತ್ತೆಯ ಮಾತಿಗೆ ಬಂದ ಸಿಟ್ಟು ಮಗುವಿನ ಬೆನ್ನಿಗೆ, ಗಂಡನ ಮಾತಿಗೆ ಬಂದ ಸಿಟ್ಟು ಪಾತ್ರೆ ತಿಕ್ಕಲು ಬರುವ ಹೆಂಗಸಿಗೆ. ನೀರಿನ ಹಾಗೆ ಅದು ಯಾವಾಗಲೂ ತಗ್ಗಿಗೇ ಹರಿಯುತ್ತದೆ. ಏರಿಗೆ ಹರಿದದ್ದನ್ನು ನಾನಂತೂ ಹೆಚ್ಚು ಕಂಡಿಲ್ಲ.

ಮರುದಿನ ಬೆಳಿಗ್ಗೆ ತಂಗಿಗೆ ಇದನ್ನು ಹೇಳಿದೆ. ಅವಳಿಗೆ ಕೆಡುಕೆನಿಸಿತು. "ನೀ ಪಾಠ ಹೇಳಾಕಿ ಅಕ್ಕಾ. ಬಂದ ನನ್ನ ಕಿಟಕಿ ಮುಂದ ಒಂದ ದಿನ ಕೂಡು. ಇಬ್ಬರ ಕೆಲಸ ಒಬ್ಬಾಕಿ ಮಾಡ್ತೀನಿ. ಮುಂಜಾನಿ ರೊಟ್ಟಿ ಬಡದ ಹೋಗಿ, ಸಂಜಿಕ ಬಂದ ಮತ್ತ ಒಲಿ ಮುಂದ ನಿಲ್ಲಾಕಿ. ಮ್ಯಾಲೆ ನಕ್ಕೊಂತ ಬ್ಯಾರೆ ಮಾತಾಡ್ಬೇಕೇನು?" ಎಂದಳು.

ಅವಳ ಪ್ರಶ್ನೆಯಲ್ಲಿ ನ್ಯಾಯವಿದೆ. ಕೆಲಸಕ್ಕೆ ಹೋಗುವ ಹೆಣ್ಣಿನಿಂದ ಜಗತ್ತು ದುಡಿಮೆಯ ಜೊತೆಗೆ ನಗುವನ್ನೂ ಕೇಳುತ್ತದೆ. ಅದೇ ಕಚೇರಿಯಲ್ಲಿ ಮುಖ ಗಂಟಿಕ್ಕಿಕೊಂಡು ಕೂಡುವ ಗಂಡಸನ್ನು ಕಟ್ಟುನಿಟ್ಟಿನ ಮನುಷ್ಯ ಎನ್ನುತ್ತಾರೆ. ನನ್ನ ತಂಗಿ ಹಾಗೆ ಕುಳಿತರೆ ಸೊಕ್ಕಿನವಳು ಎನ್ನುತ್ತಾರೆ. ಇಬ್ಬರ ಭಾರವನ್ನು ಒಬ್ಬಳ ಮೇಲೆ ಹೇರಿದವರನ್ನು ಬಿಟ್ಟು, ಭಾರ ಹೊತ್ತವಳಿಗೆ ತಾಳ್ಮೆಯ ಉಪದೇಶ ಮಾಡುವುದು ಸುಲಭ. ಆ ಉಪದೇಶವೂ ತಗ್ಗಿಗೇ ಹರಿಯುವ ನೀರು.

ಹಾಗಾದರೆ ನಾವು ತಪ್ಪಿದ್ದೆಲ್ಲಿ? ಇದನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಆ ಹೆಣ್ಣುಮಗಳಿಗೆ ನಮ್ಮ ನಗು ಬೇಕಾಗಿರಲಿಲ್ಲ. ನಾನು ಗಂಟುಮೋರೆಯಿಂದಲೇ ಹುಡುಗಿಯ ಹೆಸರು ಬರೆದುಕೊಂಡಿದ್ದರೆ ಅವಳ ಕೆಲಸ ಸೋಮವಾರವೇ ಆಗುತ್ತಿತ್ತು. ತಂಗಿ ಬುಧವಾರ ಒಂದು ಸವಿಮಾತನ್ನೂ ಆಡದೆ ಕಾಗದಗಳನ್ನು ಒಂದು ಸಲ ಬಿಡಿಸಿ ನೋಡಿದ್ದರೆ, ಹೆಸರು ತಾಳೆಯಾಗುವುದಿಲ್ಲ ಎಂಬುದು ಅಂದೇ ತಿಳಿಯುತ್ತಿತ್ತು. ಗುರುವಾರದ ಅಲೆದಾಟ ತಪ್ಪುತ್ತಿತ್ತು. ಸರ್ವರ್ ನಿಂತಿತ್ತು, ನಿಜ. ಕಣ್ಣು ನಿಂತಿರಲಿಲ್ಲವಲ್ಲ. ಮಾತು ಸಿಹಿಯಾಗಿರಬೇಕು ಎಂಬುದು ನಡತೆಯ ವಿಷಯ. ಮಾತು ಸರಿಯಾಗಿರಬೇಕು, ಪೂರ್ತಿಯಾಗಿರಬೇಕು ಎಂಬುದು ನ್ಯಾಯದ ವಿಷಯ. ದಣಿದವಳಿಗೆ ಮೊದಲನೆಯದರಲ್ಲಿ ರಿಯಾಯಿತಿ ಕೊಡಬಹುದು. ಎರಡನೆಯದರಲ್ಲಿ ಕೊಡಬಾರದು ಎನಿಸುತ್ತದೆ ನನಗೆ. ನಮ್ಮ ಅರ್ಧ ನಿಮಿಷದ ಆಲಸ್ಯಕ್ಕೆ ಅವಳು ದಿನಗಳ ಲೆಕ್ಕದಲ್ಲಿ ಬೆಲೆ ತೆರುತ್ತಾಳೆ. ಬರಗಾಲದ ವರ್ಷ ಕಳೆದು ಬಿತ್ತನೆಯ ಕೂಲಿ ಆಗ ತಾನೇ ಶುರುವಾಗುವುದರಲ್ಲಿತ್ತು. ಕಚೇರಿಗೆ ಬಂದ ಆ ಎರಡು ದಿನ ಅವಳ ಕೂಲಿ ಹೋಗಿತ್ತು.

ಆ ಸೋಮವಾರ ನಾನು ಒಂಬತ್ತನೆಯ ಇಯತ್ತೆಯಲ್ಲಿದ್ದ ಅವರ ಊರಿನ ಹುಡುಗಿಯ ಕೈಯಲ್ಲಿ ಹೇಳಿ ಕಳಿಸಿದೆ. ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ ಬರಲಿಲ್ಲ. "ಹೆಸರ ಬಿತ್ತಾಕ ಹೋಗ್ಯಾರ್ರಿ ಅಕ್ಕೋರ, ಆಕಿನೂ ಅವ್ವನ ಕೂಡ ಹೊಲಕ್ಕ ಹೊಂಟಾಳ್ರಿ" ಎಂದು ಸುದ್ದಿ ಬಂತು. ನನ್ನ ಎದೆ ಹಾರಿತು. ಶಿಕ್ಷಕಿಯಾಗಿ ಇಷ್ಟು ವರ್ಷದಲ್ಲಿ ನಾನು ಕಂಡದ್ದಿದೆ. ಏಳನೆಯದು ಮುಗಿಸಿದ ಹುಡುಗಿ ಒಂದು ಮಳೆಗಾಲ ಹೊಲಕ್ಕೆ ಹೋದರೆ, ಎಷ್ಟೋ ಸಲ ಶಾಲೆಗೆ ತಿರುಗಿ ಬರುವುದಿಲ್ಲ. ಮುಂದಿನದು ಮದುವೆಯ ಮಾತು. ಕೇಳಿದರೆ ಎಲ್ಲರೂ ಬಡತನ ಎನ್ನುತ್ತಾರೆ, ಅಜ್ಞಾನ ಎನ್ನುತ್ತಾರೆ. ಜೂನ್ ತಿಂಗಳ ಒಂದು ಸೋಮವಾರ ಒಬ್ಬ ಅಕ್ಕೋರಿಗೆ ಸೆಕೆಯಾಗಿತ್ತು ಎಂದು ಯಾವ ವರದಿಯಲ್ಲೂ ಬರೆಯುವುದಿಲ್ಲ.

ಗುರುವಾರ ಶಾಲೆ ಬಿಟ್ಟ ಮೇಲೆ ನಾನೇ ಟಂಟಂ ಹತ್ತಿ ಆ ಊರಿಗೆ ಹೋದೆ. ತಂಗಿಯೂ ಕಚೇರಿಯಿಂದ ನೇರವಾಗಿ ಬಂದು ಜೊತೆಗೂಡಿದಳು. ಬಾ ಎಂದು ನಾನು ಕರೆದಿರಲಿಲ್ಲ. ತಾಯಿ ಹೊಲದಿಂದ ಆಗ ತಾನೇ ಬಂದಿದ್ದಳು, ಕಾಲಿಗೆಲ್ಲ ಎರೆಮಣ್ಣು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಗಾಬರಿಯಾದಳು. ಯಾವ ಹೊಸ ಕಾಗದ ಕೇಳಲು ಬಂದರೋ ಎಂಬ ಗಾಬರಿ ಅದು. ನಾಳೆಯೇ ಮಗಳನ್ನು ಕಳಿಸಿ, ಪ್ರಮಾಣಪತ್ರ ಆಮೇಲೆ ಬರಲಿ ಎಂದು ನಾನು ಹೇಳಿದೆ. ಹೆಸರು ಸರಿಪಡಿಸಲು ಎಲ್ಲಿಗೆ ಹೋಗಬೇಕು, ಏನೇನು ಒಯ್ಯಬೇಕು ಎಂಬುದನ್ನು ತಂಗಿ ಹುಡುಗಿಯ ಕೈಯಲ್ಲೇ ಬರೆಸಿದಳು. ನಮ್ಮದು ತಪ್ಪಾಯಿತು ಎಂದೆ. ಅವಳು ಮಜ್ಜಿಗೆಯ ಲೋಟ ನಮ್ಮ ಕೈಗಿಟ್ಟು, "ಬಿಸಲ ಹಂಗಿತ್ರಿ ಅಕ್ಕೋರ, ನೀವರ ಏನ್ ಮಾಡ್ತೀರಿ" ಎಂದಳು.

ನಾವು ನಮಗೆ ನಾವೇ ಕೊಟ್ಟುಕೊಂಡಿದ್ದ ಅದೇ ಕಾರಣವನ್ನು ಅವಳು ತಾನಾಗಿ ನಮಗೆ ಕೊಟ್ಟಳು. ನಾವು ಚಾವಣಿಯ ಕೆಳಗಿದ್ದೆವು. ಬಿಸಿಲು ಇದ್ದದ್ದು ಅವಳ ನೆತ್ತಿಯ ಮೇಲೆ. ಅವಳು ಯಾರ ಮೇಲೂ ಸಿಡುಕಿರಲಿಲ್ಲ. ಅಥವಾ ಸಿಡುಕಿದ್ದಳೋ ಏನೋ, ಮನೆಗೆ ಬಂದು ಮಗಳ ಮೇಲೆ. ಅದನ್ನು ನಾನು ಕೇಳಲಿಲ್ಲ.

ತಿರುಗಿ ಬರುವಾಗ ತಂಗಿ, ಆ ಎರಡು ದಿನದ ಕೂಲಿಯನ್ನು ಕೊಡಬೇಕಿತ್ತೇನೋ ಅಕ್ಕಾ ಎಂದಳು. ಕೊಟ್ಟರೆ ಭಿಕ್ಷೆಯಂತೆ ಕಾಣುತ್ತದೆ ಎಂದು ನಾನು ಬೇಡವೆಂದೆ. ಅವಳ ಮಾನ ಕಾಯಲು ಹಾಗೆಂದೆನೋ, ನನ್ನ ಮುಜುಗರ ತಪ್ಪಿಸಿಕೊಳ್ಳಲು ಹಾಗೆಂದೆನೋ ಇಂದಿಗೂ ತಿಳಿಯುತ್ತಿಲ್ಲ. ಕೊಡಬೇಕಾದದ್ದು ಹಾಗೇ ಉಳಿಯಿತು.

ಹುಡುಗಿ ಶುಕ್ರವಾರ ಬಂದಳು. ಬೇಕಾದ ಕಾಗದಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತಂಗಿ ತನ್ನ ಕಿಟಕಿಗೆ ಅಂಟಿಸಿದಳು. ಓದಲು ಬಾರದವರಿಗೆ ಸಾಲಿನಲ್ಲಿ ನಿಂತ ಯಾರಾದರೂ ಓದಿ ಹೇಳುತ್ತಾರಂತೆ. ಸರ್ವರ್ ನಿಂತಾಗ ಅವಳು ಎದ್ದು ಸಾಲಿನಲ್ಲಿರುವವರ ಕಾಗದ ನೋಡುತ್ತಾಳೆ. ಪರದೆ ಮಾತ್ರ ಇನ್ನೂ ಬಂದಿಲ್ಲ. ಅದನ್ನು ಕೇಳಿ ಅವಳು ಮೇಲಧಿಕಾರಿಗೆ ಲಿಖಿತ ಅರ್ಜಿ ಕೊಟ್ಟಿದ್ದಾಳೆ. ಒಂದು ಸಿಟ್ಟಾದರೂ ಏರಿಗೆ ಹರಿಯಲಿ ಎಂದು ನಾನೇ ಬರೆದುಕೊಟ್ಟೆ.

ನಮ್ಮ ಜಿಲ್ಲೆಯ ಇಳಕಲ್ಲಿನ ಮಹಾಂತ ಸ್ವಾಮೀಜಿ ಊರೂರು ಸುತ್ತಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಬೇಡುತ್ತಿದ್ದರು. ಅದಕ್ಕೆ ಮಹಾಂತ ಜೋಳಿಗೆ ಎಂದೇ ಹೆಸರಾಗಿತ್ತು. ತಂಬಾಕಿನ ಚೀಲ, ಬೀಡಿ ಕಟ್ಟು, ಕುಡಿತ, ಎಲ್ಲವನ್ನೂ ಜನ ಅದರಲ್ಲಿ ಹಾಕಿ ಕೈಮುಗಿದರು. ಅವರು 2018ರಲ್ಲಿ ತೀರಿಕೊಂಡರು. ಆ ಜೋಳಿಗೆಯ ಮಾತು ಬಂದಾಗಲೆಲ್ಲ, ನಮ್ಮ ಮನೆಯಲ್ಲಿ ಹಾಕುವಂಥದ್ದು ಏನೂ ಇಲ್ಲ ಎಂದು ನಾನು ಒಳಗೊಳಗೇ ಹೆಮ್ಮೆಪಟ್ಟುಕೊಳ್ಳುತ್ತಿದ್ದೆ. ಈಗ ಹಾಗೆ ಅನಿಸುವುದಿಲ್ಲ. ಒಮ್ಮೆ ಜೋಳಿಗೆಗೆ ಹಾಕಿದರೆ ತೀರಿಹೋಗುವ ಚಟವೂ ಇದಲ್ಲ. ಕಳೆದ ವಾರವೇ ಚೀಟಿ ತರದ ಹುಡುಗನೊಬ್ಬನ ಮೇಲೆ ಸಿಡುಕಿದೆ. ಆಮೇಲೆ ಕರೆದು, ಏನು ತರಬೇಕೆಂದು ಇನ್ನೊಮ್ಮೆ ಸರಿಯಾಗಿ ಹೇಳಿ ಕಳಿಸಿದೆ.

ಆ ಗುರುವಾರ ನಾವು ಊರು ಮುಟ್ಟುವಾಗ ಮಳೆ ಹಿಡಿಯಿತು. ಇಬ್ಬರೂ ತೊಯ್ದು ತೊಪ್ಪೆಯಾಗಿ ಓಣಿಯಲ್ಲಿ ನಡೆದು ಬಂದೆವು. ಬಾಗಿಲ ಬಳಿ ನಿಂತು ಸೆರಗು ಹಿಂಡಿಕೊಳ್ಳುತ್ತಾ ತಂಗಿ, "ಬ್ಯಾಸಗಿ ಮುಗೀತು ಅಕ್ಕಾ. ಇನ್ನ ಮ್ಯಾಲೆ ಯಾವದರ ಹೆಸರ ಹೇಳೂಣು?" ಎಂದು ನಕ್ಕಳು. ನಾನೂ ನಕ್ಕೆ. ಉತ್ತರ ನನಗೆ ಹೊಳೆಯಲಿಲ್ಲ.